ಆಮ್ಸ್ಟರ್‌ಡ್ಯಾಮ್ ಸುತ್ತ ನಮ್ಮಿಬ್ಬರಿಗೆ ಒಂದೇ ದಿನ. ಏನು ನೋಡೋದು, ಏನು ಬಿಡೋದು?

ಬೇತ್ರಿಯವಳು:

ಎಲ್ಲರಿಗೂ ನಮಸ್ಕಾರ. ಮಗಳು, ಅಳಿಯ ನೆದರ್ಲೆಂಡ್ಸ್‌ನಲ್ಲಿ, ಆಮ್ಸ್ಟರ್‌ಡ್ಯಾಮ್ ಪಕ್ಕದ ಆಮ್ಸ್ಟೆಲ್‌ವೇನ್‌ನಲ್ಲಿದ್ದಾರೆ. ಮೆಣಸು ಕೊಯ್ದು ಒಣಗಿಸಿ ಮುಗಿಸಿ, ಏಪ್ರಿಲ್ ಕೊನೆಗೆ ನಾವಿಬ್ಬರೂ ಹೊರಟಿದ್ದೇವೆ. ಮೊಮ್ಮಗುವನ್ನು ನೋಡುವುದೇ ಮುಖ್ಯ ಕೆಲಸ. ಆದರೆ ಒಂದು ದಿನ ನಾನೂ ಯಜಮಾನರೂ ಇಬ್ಬರೇ ಸುತ್ತಬೇಕು ಅಂತ ನನ್ನ ಹಠ. ಮಗಳು ಕರೆದುಕೊಂಡು ಹೋದರೆ ಅದು ಅವಳ ಟೂರ್ ಆಗುತ್ತದೆ, ನಮ್ಮದಲ್ಲ.

ಇವರಿಗೆ ಮ್ಯೂಸಿಯಂ ಅಂದರೆ ನಿದ್ದೆ. ತೋಟ, ಮೆಷಿನ್ನು, ಪಂಪ್‌ಸೆಟ್ ಅಂದರೆ ಊಟ ಬಿಟ್ಟು ನಿಲ್ಲುತ್ತಾರೆ. ನನಗೆ ಮಂಡಿನೋವು. ಅಳಿಯ ಕಳಿಸಿದ ಪಟ್ಟಿ: ಕ್ಯೂಕೆನ್‌ಹಾಫ್ ಹೂತೋಟ, ಝಾನ್ಸೆ ಸ್ಕಾನ್ಸ್ ಗಾಳಿಯಂತ್ರಗಳು, ರೈಕ್ಸ್ ಮ್ಯೂಸಿಯಂ, ಕಾಲುವೆಯಲ್ಲಿ ಬೋಟು. ಎಲ್ಲಾ ಒಂದೇ ದಿನ! ಆಗುತ್ತದಾ? 27 ಅಥವಾ 28, ಯಾವುದಾದರೂ ಒಂದು ದಿನ ಸಿಗುತ್ತದೆ. ರೈಲು ಹತ್ತಿ ಇಳಿಯುವುದು ನಮ್ಮಂಥವರಿಗೆ ಕಷ್ಟವಾ?

ಸುಂಟಿಕೊಪ್ಪದ ತೋಟದವ:

ಆಗಲ್ಲ ಅಕ್ಕ. ಹಾಗೆ ಓಡಿದರೆ ನೆನಪಿರುವುದು ಬಸ್‌ಸ್ಟಾಪು ಮಾತ್ರ. ಹೋದ ವರ್ಷ ನಾನೂ ಮನೆಯವಳೂ ಹೋಗಿದ್ದೆವು. ನಾನೂ ನಿಮ್ಮ ಯಜಮಾನರ ಜಾತಿಯ ಪ್ರಾಣಿಯೇ, ಅದಕ್ಕೆ ಧೈರ್ಯವಾಗಿ ಹೇಳುತ್ತೇನೆ: ಬೆಳಿಗ್ಗೆ ಝಾನ್ಸೆ ಸ್ಕಾನ್ಸ್, ಮಧ್ಯಾಹ್ನ ಹೋರ್ಟಸ್ ತೋಟ. ಅಷ್ಟೇ.

ಆಮ್ಸ್ಟರ್‌ಡ್ಯಾಮ್ ಸೆಂಟ್ರಾಲ್‌ನಿಂದ ಝಾನ್‌ಡೈಕ್ ಸ್ಟೇಷನ್‌ಗೆ ಇಪ್ಪತ್ತು ನಿಮಿಷವೂ ಬೇಡ. ಇಳಿದ ಕೂಡಲೇ ಗಾಳಿಯಲ್ಲಿ ಕೋಕೋ ಹುರಿದ ವಾಸನೆ ಬರುತ್ತದೆ, ಅಲ್ಲೇ ಹತ್ತಿರ ಕೋಕೋ ಫ್ಯಾಕ್ಟರಿ ಇದೆ. ನದಿಯ ಸೇತುವೆ ದಾಟಿ ನಡೆದರೆ ಗಾಳಿಯಂತ್ರಗಳು. ದಾರಿಯೆಲ್ಲ ಸಮತಟ್ಟು, ನಿಮ್ಮ ಮಂಡಿಗೆ ತೊಂದರೆಯಿಲ್ಲ. ಅಲ್ಲಿನ ಹಳೇ ಮನೆಗಳಲ್ಲಿ ಹೆಚ್ಚಿನವು ಬೇರೆ ಕಡೆಯಿಂದ ಬಿಚ್ಚಿ ತಂದು ನಿಲ್ಲಿಸಿದವು. ಅವುಗಳ ಮುಂದೆ ಫೋಟೋಗೆ ನಿಂತವರ ಗುಂಪು ದೊಡ್ಡದು, ಅದನ್ನು ದಾಟಿ ಮುಂದೆ ಹೋಗಿ.

ಗಾಳಿಯಂತ್ರ ಅಂದರೆ ಬರೀ ನೀರೆತ್ತುವುದಕ್ಕೆ ಅಂದುಕೊಂಡಿದ್ದೆ. ಇಲ್ಲಿ ಮರ ಕೊಯ್ಯುವುದು, ಎಣ್ಣೆ ಹಿಂಡುವುದು, ಬಣ್ಣ ಅರೆಯುವುದು ಎಲ್ಲಾ ಗಾಳಿಯಲ್ಲೇ. ಗಾಳಿಯಿಂದ ಗರಗಸ ಓಡಿಸುವ ಮಿಲ್ಲನ್ನು ಡಚ್ಚರು 1594ರಲ್ಲೇ ಕಟ್ಟಿದ್ದರು. ಆಮೇಲೆ ಅವರು ಅಷ್ಟು ಬೇಗ ಬೇಗ ಹಡಗು ಕಟ್ಟಿದ್ದಕ್ಕೆ ಇದೂ ಒಂದು ಕಾರಣ. ದೆ ಕಾಟ್ ಅನ್ನುವ ಬಣ್ಣದ ಮಿಲ್ಲಿನೊಳಗೆ ಟಿಕೆಟ್ ತಗೊಂಡು ಹೋಗಿ. ದೊಡ್ಡ ಎರಡು ಕಲ್ಲುಗಳು ಅಂಚಿನ ಮೇಲೆ ನಿಂತು ಸುತ್ತುತ್ತಾ ಪುಡಿ ಅರೆಯುತ್ತವೆ. ಹಲ್ಲಿನ ಚಕ್ರಗಳೆಲ್ಲ ಮರದವು. ಇಡೀ ಕಟ್ಟಡ ಕಿರ್ ಅನ್ನುತ್ತದೆ. ನನ್ನನ್ನು ಅಲ್ಲಿಂದ ಎಬ್ಬಿಸಲು ಮನೆಯವಳು ಪಟ್ಟ ಪಾಡು ಅವಳಿಗೇ ಗೊತ್ತು. ಮೇಲೆ ಹತ್ತುವ ಮೆಟ್ಟಿಲು ಏಣಿಯಷ್ಟು ಕಡಿದು, ನೀವು ಕೆಳಗೇ ಇರಿ ಅಕ್ಕ.

ಇನ್ನು ಹೋರ್ಟಸ್. ಪೂರ್ತಿ ಹೆಸರು ಹೋರ್ಟಸ್ ಬೊಟಾನಿಕಸ್, ಊರೊಳಗೇ ಇದೆ. ಮೆಟ್ರೋದಲ್ಲಿ ವಾಟರ್‌ಲೋಪ್ಲೇನ್‌ನಲ್ಲಿ ಇಳಿದು ಸ್ವಲ್ಪ ನಡೆಯಬೇಕು. 1638ರಲ್ಲಿ ಔಷಧಿ ಗಿಡಗಳಿಗೆ ಅಂತ ಶುರುವಾದ ತೋಟ. ಟೂರಿಸ್ಟ್ ಪಟ್ಟಿಗಳಲ್ಲಿ ಕೊನೆಗೆ ಬರುತ್ತದೆ ಅಥವಾ ಬರುವುದೇ ಇಲ್ಲ. ಕೊಡಗಿನವರು ಮೊದಲು ಹೋಗಬೇಕಾದದ್ದು ಇಲ್ಲಿಗೆ. ಯಾಕೆ ಅಂದರೆ, ಹದಿನೇಳನೇ ಶತಮಾನದ ಕೊನೆಗೆ ಡಚ್ಚರು ನಮ್ಮ ಮಲಬಾರ್ ಕಡಲ ಕರೆಯಿಂದ ಕಾಫಿ ಗಿಡ ಜಾವಾಕ್ಕೆ ಒಯ್ದರು. 1706ರಲ್ಲಿ ಜಾವಾದಿಂದ ಒಂದು ಗಿಡ ಈ ತೋಟಕ್ಕೆ ಬಂತು. ಅದರ ಸಂತಾನದ ಒಂದು ಗಿಡವನ್ನು 1714ರಲ್ಲಿ ಫ್ರಾನ್ಸಿನ ರಾಜ ಹದಿನಾಲ್ಕನೇ ಲೂಯಿಗೆ ಕೊಟ್ಟರು. ಅಲ್ಲಿಂದ ಅಮೆರಿಕದ ದ್ವೀಪಗಳಿಗೆ. ಕಾಫಿ ರೇಟು ಬಿದ್ದಾಗೆಲ್ಲ ಬ್ರೆಜಿಲ್‌ನವರನ್ನು ಬೈಯುತ್ತೇವಲ್ಲ, ಆ ಕಡೆಯ ಅರೇಬಿಕಾ ಸಂತತಿಯಲ್ಲಿ ಬಹಳಷ್ಟು ಈ ದಾರಿಯಲ್ಲೇ ಹೋದದ್ದು. ಗಾಜಿನ ಮನೆಯೊಳಗೆ ಕಾಫಿ ಗಿಡ ನೋಡಿದಾಗ ನನ್ನ ಕೈ ತಾನಾಗಿ ಚಿಗುರು ತೆಗೆಯೋಕೆ ಹೋಯಿತು. ಮನೆಯವಳು ಹಿಡಿದುಕೊಂಡಳು.

ಅಲ್ಲಿ ಕೂರೋಕೆ ಕೆಫೆ ಇದೆ. ಕಾಫಿ ಪರವಾಗಿಲ್ಲ. ಚಿಕೋರಿ ಇಲ್ಲ, ಗೊಣಗಬೇಡಿ ಅಂತ ಯಜಮಾನರಿಗೆ ಮೊದಲೇ ಹೇಳಿಡಿ.

ಗೋಣಿಕೊಪ್ಪ–ಆಮ್ಸ್ಟೆಲ್‌ವೇನ್:

ಆಂಟಿ, ದಯವಿಟ್ಟು 28 ಇಟ್ಟುಕೊಳ್ಳಿ. ಏಪ್ರಿಲ್ 27 ಇಲ್ಲಿನ ರಾಜನ ಹುಟ್ಟುಹಬ್ಬ, ದೇಶಕ್ಕೇ ರಜೆ. ಊರೆಲ್ಲ ಕಿತ್ತಳೆ ಬಣ್ಣ. ಆಮ್ಸ್ಟರ್‌ಡ್ಯಾಮ್ ನಡುಭಾಗದಲ್ಲಿ ಟ್ರಾಮ್ ಓಡಿಸಲೂ ಜಾಗ ಇರುವುದಿಲ್ಲ, ಕಾಲುವೆ ತುಂಬಾ ಬೋಟು, ಕುಡಿತ, ಡಿಜೆ. ಆ ದಿನ ಮನೆ ಹತ್ತಿರವೇ ಇರಿ. ಜನ ತಮ್ಮ ಹಳೇ ಸಾಮಾನನ್ನು ಬೀದಿಯಲ್ಲಿ ಹರಡಿ ಮಾರುತ್ತಾರೆ, ಮಕ್ಕಳು ಆಟಿಕೆ ಇಟ್ಟುಕೊಂಡು ಕೂತಿರುತ್ತವೆ. ಮೊಮ್ಮಗುವಿಗೆ ಏನಾದರೂ ಸಿಗುತ್ತದೆ.

ರೈಲು ಕಷ್ಟವಿಲ್ಲ. ಟಿಕೆಟ್ ಬದಲು ಬ್ಯಾಂಕ್ ಕಾರ್ಡನ್ನೇ ಗೇಟಿಗೆ ಮುಟ್ಟಿಸಬಹುದು. ಹೊರಡುವ ಮುಂಚೆ ವಿದೇಶಿ ಬಳಕೆ ಆನ್ ಮಾಡಿಸಿಕೊಳ್ಳಿ. ಒಂದು ಕಾರ್ಡಿಗೆ ಒಬ್ಬರೇ, ಅಂಕಲ್‌ಗೆ ಬೇರೆ ಕಾರ್ಡು ಬೇಕು. ಹತ್ತುವಾಗ ಮುಟ್ಟಿಸಿದ್ದನ್ನೇ ಇಳಿದ ಮೇಲೂ ಮುಟ್ಟಿಸಿ, ಇಲ್ಲದಿದ್ದರೆ ಜಾಸ್ತಿ ದುಡ್ಡು ಹೋಗುತ್ತದೆ. ಸ್ಟೇಷನ್ ಟಾಯ್ಲೆಟ್‌ಗೂ ದುಡ್ಡು. ಕೆಂಪು ಬಣ್ಣದ ದಾರಿ ಸೈಕಲ್‌ನವರದ್ದು, ಅಲ್ಲಿ ನಿಂತು ಫೋಟೋ ತೆಗೆಯಬೇಡಿ, ಬೆಲ್ ಹೊಡೆದು ಬೈಯುತ್ತಾರೆ.

ಮಡಿಕೇರಿ ಮಂಜು:

ಸುಂಟಿಕೊಪ್ಪದವರ ಮಾತು ನಾನು ಒಪ್ಪಲ್ಲ. ಹೋರ್ಟಸ್ ವರ್ಷವಿಡೀ ಇರುತ್ತದೆ. ಕ್ಯೂಕೆನ್‌ಹಾಫ್ ತೆರೆಯುವುದು ಮಾರ್ಚ್ ಕೊನೆಯಿಂದ ಮೇ ಎರಡನೇ ವಾರದವರೆಗೆ ಮಾತ್ರ. ಸುಮಾರು 70 ಲಕ್ಷ ಗಡ್ಡೆ ನೆಡುತ್ತಾರೆ. ಅದೇ ಸಮಯಕ್ಕೆ ಅಲ್ಲಿದ್ದೂ ನೋಡದೆ ಬರುವುದಾ? ಅಕ್ಕನಿಗೆ ಏನು ಇಷ್ಟ ಅಂತ ಯಾರೂ ಕೇಳಲೇ ಇಲ್ಲ. ಬರೀ ಯಜಮಾನರ ಮೆಷಿನ್ನಿನ ಚರ್ಚೆ!

ಬೇತ್ರಿಯವಳು:

ಮಂಜು ಅವರೇ, ಬಾಯಿಗೆ ಸಕ್ಕರೆ ಹಾಕಬೇಕು ನಿಮಗೆ. ನನಗೆ ಹೂ ಬೇಕು. ಹಾಗಂತ ಆ ಕಾಫಿ ಗಿಡವನ್ನೂ ಬಿಡಲು ಮನಸ್ಸಿಲ್ಲ. ಇವರಿಗೆ ಓದಿ ಹೇಳಿದೆ, ಆಗಲೇ ಬ್ರೆಜಿಲ್ ಬಗ್ಗೆ ಭಾಷಣ ಶುರುವಾಗಿದೆ.

ಸುಂಟಿಕೊಪ್ಪದ ತೋಟದವ:

ಹಾಗಾದರೆ ಗಾಳಿಯಂತ್ರ ಬಿಡಿ ಅಕ್ಕ, ಅದಕ್ಕೆ ಅಳಿಯನ ಕಾರು ಇದೆಯಲ್ಲ. ಬೆಳಿಗ್ಗೆ ಬಾಗಿಲು ತೆರೆಯುವಾಗಲೇ ಕ್ಯೂಕೆನ್‌ಹಾಫ್. ಸ್ಕಿಪೋಲ್ ಏರ್‌ಪೋರ್ಟಿನಿಂದ ನೇರ ಬಸ್ಸಿದೆ. ಟಿಕೆಟ್‌ನಲ್ಲಿ ಒಳಗೆ ಹೋಗುವ ಸಮಯ ಬರೆದಿರುತ್ತದೆ, ಊರಿಂದಲೇ ಬುಕ್ ಮಾಡಿ. ಅಲ್ಲಿ ಗಾಲಿಕುರ್ಚಿಯೂ ಸಿಗುತ್ತದೆ. ಮಧ್ಯಾಹ್ನದ ಮೇಲೆ ಹೋರ್ಟಸ್. ಛತ್ರಿ ಒಯ್ಯಬೇಡಿ, ಆ ಗಾಳಿಗೆ ಮಗುಚಿಕೊಳ್ಳುತ್ತದೆ. ಟೋಪಿ ಇರುವ ಮಳೆಕೋಟು ಸಾಕು. ಮಳೆ ಬಂದರೂ ನಮ್ಮ ಜುಲೈ ಮುಂದೆ ಅದು ಸುಮ್ನೆ ಹನಿ.