ಆರ್‌ನಲ್ಲಿ ಲಿಸ್ಟ್ ಒಳಗೆ ಲಿಸ್ಟ್: ಲೂಪ್ ಓಡಿಸಿದರೆ 6ರ ಬದಲು 72 ಬರುತ್ತಿದೆ

ಪ್ರಶ್ನೆ: ಮೇಡಂ, ಆರ್ ಪ್ರೋಗ್ರಾಮಿಂಗ್ ಭಾಷೆಯ ಜೊತೆಗೇ ಬರುವ ಎಂಟಿಕಾರ್ಸ್ ಅನ್ನೋ ಕಾರುಗಳ ಡೇಟಾ ಇಟ್ಟುಕೊಂಡು ಕಲಿಯುತ್ತಿದ್ದೇನೆ. ಸಿಲಿಂಡರ್ 4, 6, 8 ಅಂತ ಮೂರು ಗುಂಪು. ಪ್ರತಿ ಗುಂಪಿಗೂ ಎರಡೆರಡು ಎಲ್‌ಎಂ (ಲೀನಿಯರ್) ಮಾಡೆಲ್ ಬೇಕು: ತೂಕದಿಂದ ಮೈಲೇಜ್, ಹಾರ್ಸ್‌ಪವರ್‌ನಿಂದ ಮೈಲೇಜ್. ಹೊರಗೊಂದು ಫಾರ್ ಲೂಪ್, ಒಳಗೊಂದು ಬರೆದೆ. ಬಂದ ಮಾಡೆಲ್ಲನ್ನು ಸಿ ಫಂಕ್ಷನ್ ಬಳಸಿ ಲಿಸ್ಟಿಗೆ ಸೇರಿಸುತ್ತಾ ಹೋದೆ. ಕೊನೆಗೆ ಲಿಸ್ಟಿನ ಉದ್ದ ನೋಡಿದರೆ 72! ಇರಬೇಕಾದ್ದು 6 ಅಲ್ವಾ?

ಉತ್ತರ: 72 ಒಳ್ಳೆ ಸುಳಿವು. ಎಲ್‌ಎಂ ಕೊಡುವ ಮಾಡೆಲ್ ಕೂಡ ಒಂದು ಲಿಸ್ಟೇ. ಕೋಎಫಿಶಿಯಂಟ್, ರೆಸಿಡ್ಯುಯಲ್ ಎಲ್ಲಾ ಸೇರಿ ಅದರಲ್ಲಿ 12 ಭಾಗ ಇರುತ್ತದೆ. ಸಿ ಫಂಕ್ಷನ್‌ಗೆ ಎರಡು ಲಿಸ್ಟ್ ಕೊಟ್ಟರೆ ಎರಡರ ಗಂಟನ್ನೂ ಬಿಚ್ಚಿ ಒಂದೇ ಸಾಲಿಗೆ ಸುರಿಯುತ್ತದೆ. 6 ಸಲ 12, ಅಂದರೆ 72.

ನಿಜ ಹೇಳಬೇಕೆಂದರೆ ನಿಮಗೆ 6 ಕೂಡ ಬೇಡ. ಹೊರಗೆ 3, ಒಂದೊಂದರ ಒಳಗೆ 2 ಇರಬೇಕು. ಹಾಗಾಗಿ ಸೇರಿಸುವುದನ್ನು ಬಿಟ್ಟು ಹೆಸರು ಕೊಟ್ಟು ಇಡಿ:

ಫಲಿತ <- ಖಾಲಿ ಲಿಸ್ಟ್
ಪ್ರತಿ ಗುಂಪಿಗೆ:
— ಒಳಗಿನದು <- ಖಾಲಿ ಲಿಸ್ಟ್
— ಪ್ರತಿ ಕಾಲಂಗೆ: ಒಳಗಿನದು[[ಕಾಲಂ]] <- ಮಾಡೆಲ್
— ಫಲಿತ[[ಗುಂಪು]] <- ಒಳಗಿನದು

ಎರಡನೇ ಖಾಲಿ ಲಿಸ್ಟ್ ಎಲ್ಲಿದೆ ನೋಡಿ. ಹೊರಗಿನ ಲೂಪ್ ಒಳಗೆ, ಒಳಗಿನ ಲೂಪ್ ಶುರುವಾಗುವ ಮುಂಚೆ. ಅದನ್ನು ಒಳಗಿನ ಲೂಪಿಗೆ ಹಾಕಿದರೆ ಪ್ರತಿ ಸುತ್ತಿನಲ್ಲೂ ಅಳಿಸಿಹೋಗಿ ಕೊನೆಯ ಮಾಡೆಲ್ ಮಾತ್ರ ಉಳಿಯುತ್ತದೆ. ತೀರಾ ಮೇಲಕ್ಕೆ ಒಯ್ದರೆ ಹಿಂದಿನ ಗುಂಪಿನದ್ದು ಮುಂದಿನದ್ದಕ್ಕೆ ನುಸುಳಬಹುದು. ಅದು ಇನ್ನೂ ಕಷ್ಟ, ಯಾಕಂದ್ರೆ ಎರರ್ ಬರುವುದೇ ಇಲ್ಲ.

ಡಾಲರ್ ಚಿಹ್ನೆ ಇಲ್ಲಿ ಬೇಡ. ಫಲಿತ$ಗುಂಪು ಅಂತ ಬರೆದರೆ ಆರ್ ಗುಂಪಿನ ಬೆಲೆಯನ್ನು ನೋಡುವುದಿಲ್ಲ, 'ಗುಂಪು' ಅನ್ನೋ ಹೆಸರಿನಲ್ಲೇ ಇಟ್ಟುಬಿಡುತ್ತದೆ. ಮೂರು ಸುತ್ತೂ ಅದೇ ಜಾಗಕ್ಕೆ ಬರೆಯುತ್ತದೆ.

ಪ್ರಶ್ನೆ: ಹಾಗೇ ಮಾಡಿದೆ ಮೇಡಂ. ಈಗ ಉದ್ದ 8 ಬರುತ್ತಿದೆ. ಮಧ್ಯೆ ಮಧ್ಯೆ ನಲ್ (ಏನೂ ಇಲ್ಲ ಅನ್ನೋ ಗುರುತು) ಇದೆ.

ಉತ್ತರ: ಗುಂಪು ಇನ್ನೂ ಸಂಖ್ಯೆಯಾಗಿಯೇ ಇದೆ. ಫಲಿತ[[4]] ಅಂದರೆ ಆರ್‌ಗೆ ನಾಲ್ಕನೇ ಜಾಗ, '4' ಅನ್ನುವ ಹೆಸರಲ್ಲ. ಅದಕ್ಕೇ 1, 2, 3, 5, 7ನೇ ಜಾಗ ಖಾಲಿ ಬಿದ್ದಿವೆ. ಆಸ್ ಡಾಟ್ ಕ್ಯಾರೆಕ್ಟರ್ ಹಾಕಿ ಗುಂಪನ್ನು ಅಕ್ಷರಕ್ಕೆ ಬದಲಿಸಿ, ಆಮೇಲೆ ಇಡಿ. ನಂತರ ಲಿಸ್ಟಿನ ಆಕಾರ ತೋರಿಸುವ ಎಸ್‌ಟಿಆರ್ ಫಂಕ್ಷನ್‌ಗೆ ಮ್ಯಾಕ್ಸ್ ಡಾಟ್ ಲೆವೆಲ್ 1 ಕೊಟ್ಟು ನೋಡಿ. ಮೂರು ಹೆಸರು, ಪ್ರತಿಯೊಂದರ ಎದುರು ಎರಡರ ಲಿಸ್ಟ್ ಕಂಡರೆ ಆಕಾರ ಸರಿಯಾಗಿದೆ. ಮಟ್ಟ ಹೇಳದೆ ಓಡಿಸಿದರೆ ಮಾಡೆಲ್‌ಗಳ ಹೊಟ್ಟೆಯೊಳಗಿನದ್ದೆಲ್ಲ ಪರದೆ ತುಂಬುತ್ತದೆ.

ಇನ್ನೊಬ್ಬರ ಪ್ರಶ್ನೆ: ಮೇಡಂ, ನನ್ನ ಡೇಟಾದಲ್ಲಿ ಕೆಲವು ಮಾಡೆಲ್ ಫೇಲ್ ಆಗುತ್ತವೆ. ಆಗ ನಲ್ ಇಡೋಣ ಅಂತ ಬರೆದರೆ ಆ ಹೆಸರೇ ಲಿಸ್ಟಿನಲ್ಲಿ ಇರುವುದಿಲ್ಲ.

ಉತ್ತರ: ಎರಡು ಬ್ರ್ಯಾಕೆಟ್ ಹಾಕಿ ನಲ್ ಕೊಟ್ಟರೆ ಆರ್ ಅದನ್ನು 'ತೆಗೆದುಹಾಕು' ಅಂತಲೇ ತಿಳಿಯುತ್ತದೆ. ಒಂದೇ ಬ್ರ್ಯಾಕೆಟ್ ಹಾಕಿ, ನಲ್ ಅನ್ನು ಲಿಸ್ಟಿನಲ್ಲಿ ಸುತ್ತಿ ಕೊಡಿ: ಒಳಗಿನದು[ಕಾಲಂ] <- ಲಿಸ್ಟ್(ನಲ್). ಜಾಗ ಉಳಿಯುತ್ತದೆ. ಯಾವ ಮಾಡೆಲ್ ಬರಲಿಲ್ಲ ಅನ್ನುವುದು ಕಣ್ಣಿಗೆ ಬೀಳಬೇಕು, ಸುಮ್ನೆ ಮಾಯವಾಗಬಾರದು.

ಪ್ರಶ್ನೆ: ಲೂಪ್ ಬಿಟ್ಟು ಎಲ್‌ಅಪ್ಲೈ ಬಳಸಿ ಅಂತ ಎಲ್ಲರೂ ಹೇಳ್ತಾರಲ್ಲ?

ಉತ್ತರ: ಬಳಸಬಹುದು. ಎಲ್‌ಅಪ್ಲೈ ಅಂದರೆ ಪ್ರತಿಯೊಂದಕ್ಕೂ ಒಂದೇ ಫಂಕ್ಷನ್ ಓಡಿಸಿ, ಬಂದದ್ದನ್ನು ಲಿಸ್ಟಾಗಿ ಕೊಡುವ ಫಂಕ್ಷನ್. ಸ್ಪ್ಲಿಟ್‌ನಿಂದ ಡೇಟಾವನ್ನು ಗುಂಪಾಗಿ ಒಡೆದು, ಒಂದು ಎಲ್‌ಅಪ್ಲೈ ಒಳಗೆ ಇನ್ನೊಂದು ಬರೆಯಿರಿ. '4', '6', '8' ಹೆಸರು ತಾನಾಗಿಯೇ ಬರುತ್ತವೆ, ಖಾಲಿ ಲಿಸ್ಟ್ ಎಲ್ಲಿಡಬೇಕು ಅನ್ನೋ ತಲೆನೋವೂ ಇಲ್ಲ. ಒಳಗಿನ ಕಾಲಂ ಹೆಸರನ್ನು ಮಾತ್ರ ಸೆಟ್‌ನೇಮ್ಸ್ ಬಳಸಿ ನೀವೇ ಕೊಡಬೇಕು. ಆದರೆ ನಿಮ್ಮ ಲೂಪನ್ನು ಈಗಲೇ ಅಳಿಸಬೇಡಿ. ಎರಡನ್ನೂ ಓಡಿಸಿ ಎಸ್‌ಟಿಆರ್ ಪಕ್ಕಪಕ್ಕ ಇಟ್ಟು ನೋಡಿ, ಆಮೇಲೆ ಯಾವುದು ಓದಲು ಸಲೀಸೋ ಅದನ್ನು ಇಟ್ಟುಕೊಳ್ಳಿ.