ಪದಚರ್ಚೆ: ರೋಮನ್ನರ ‘ಕ್ಲಿಯೆನ್ಸ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಹಳೆಯ ರೋಮಿನ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ಒಂದೇ ಒಂದು ಸಾಲು ವಾರದಿಂದ ಸತಾಯಿಸುತ್ತಿದೆ. ಕ್ರಿ.ಪೂ. 450ರ ಸುಮಾರಿನ ‘ಹನ್ನೆರಡು ಫಲಕ’ಗಳ ಕಾನೂನಿನದು. ಫಲಕಗಳು ಉಳಿದಿಲ್ಲ. ಎಷ್ಟೋ ಶತಮಾನದ ಮೇಲೆ ವರ್ಜಿಲನ ಕಾವ್ಯಕ್ಕೆ ಟಿಪ್ಪಣಿ ಬರೆದ ಸರ್ವಿಯಸ್ ಈ ಸಾಲನ್ನು ಉಳಿಸಿಕೊಟ್ಟಿದ್ದಾನೆ: ‘ಪಾತ್ರೋನುಸ್ ಸಿ ಕ್ಲಿಯೆಂತಿ ಫ್ರೌದೆಮ್ ಫೆಕೆರಿತ್, ಸಾಕೆರ್ ಎಸ್ತೋ.’ ಪಾತ್ರೋನುಸ್ ತನ್ನ ಕ್ಲಿಯೆನ್ಸ್‌ಗೆ ಮೋಸ ಮಾಡಿದರೆ ಸಾಕೆರ್ ಆಗಲಿ ಅಂತ. ಪಾತ್ರೋನುಸ್ ಅಂದರೆ ಆಸರೆ ಕೊಡುವ ದೊಡ್ಡ ಮನುಷ್ಯ, ಕ್ಲಿಯೆನ್ಸ್ ಅಂದರೆ ಆ ಆಸರೆಯಲ್ಲಿ ಇರುವವನು; ಸಾಕೆರ್‌ಗೆ ಆಮೇಲೆ ಬರುತ್ತೇನೆ. ‘ಮೋಸ’ವೊಂದು ಸಲೀಸು. ಉಳಿದ ಮೂರೂ ಕನ್ನಡಕ್ಕೆ ಬರಲೊಲ್ಲವು.

ಕ್ಲಿಯೆನ್ಸ್‌ನಿಂದಲೇ ಬಂದ ಇಂಗ್ಲಿಷಿನ ‘ಕ್ಲಯಂಟ್’ಗೆ ನಿಘಂಟು ತೆರೆದರೆ ‘ಕಕ್ಷಿದಾರ’. ಇದು ಪೂರಾ ತಪ್ಪಲ್ಲ. ಕೋರ್ಟಿನಲ್ಲಿ ಕ್ಲಿಯೆನ್ಸ್ ಪರವಾಗಿ ಮಾತಾಡುವುದು ಪಾತ್ರೋನುಸ್‌ನ ಕೆಲಸವೇ ಆಗಿತ್ತು. ಅದಕ್ಕೆ ಫೀಸು ತೆಗೆದುಕೊಳ್ಳಬಾರದೆಂದು ಕ್ರಿ.ಪೂ. 204ರಲ್ಲಿ ಕಾನೂನೇ ಬಂತು. ಆದರೆ ವಾದ ಮಾಡಿಸಿಕೊಳ್ಳುವುದು ಸಂಬಂಧದ ಒಂದು ಮೂಲೆ ಅಷ್ಟೆ. ಬೆಳಗಾಗುತ್ತಲೇ ದೊಡ್ಡವರ ಮನೆಗೆ ಹೋಗಿ ನಮಸ್ಕಾರ ಹೇಳಬೇಕು, ಊರ ನಡುವಿನ ಫೋರಮ್‌ಗೆ ಅವರ ಹಿಂದೆ ನಡೆಯಬೇಕು, ಚುನಾವಣೆಯಲ್ಲಿ ಅವರ ಪರ ನಿಲ್ಲಬೇಕು. ಕ್ರಿ.ಪೂ. 139ರ ತನಕ ಅಧಿಕಾರಿಗಳನ್ನು ಆರಿಸುವಾಗ ವೋಟನ್ನು ಬಾಯಿಬಿಟ್ಟೇ ಹೇಳಬೇಕಿತ್ತು. ತಪ್ಪಿಸಿಕೊಳ್ಳಲು ದಾರಿ ಎಲ್ಲಿ?

‘ಆಳು’ ಆಗದು, ಕ್ಲಿಯೆನ್ಸ್ ಸ್ವತಂತ್ರ ಮನುಷ್ಯ. ‘ಒಕ್ಕಲು’ ಅಂದರೆ ಹೊಲ ನೆನಪಾಗುತ್ತದೆ, ಇಲ್ಲಿ ಹೊಲ ಇರಲೇಬೇಕೆಂದಿಲ್ಲ. ‘ಆಶ್ರಿತ’ ಪುಸ್ತಕದ ಮಾತು, ಜೊತೆಗೆ ಬರೀ ಪಡೆಯುವವನಂತೆ ಕೇಳಿಸುತ್ತದೆ. ‘ಗಿರಾಕಿ’ ಅನ್ನಬಹುದು ಅಂತ ಮನೆಯಲ್ಲಿ ಸಲಹೆ ಬಂತು, ಸುಮ್ನೆ ನಕ್ಕು ಬಿಟ್ಟೆ.

ನನಗೆ ಹಿಡಿಸಿದ್ದು ‘ಹಂಗಿನವನು’. ಮೊದಲು ಅನುಮಾನವಿತ್ತು. ಹಂಗು ಅಂದರೆ ನಮಗೆ ಚುಚ್ಚುತ್ತದೆ, ಹಂಗಿನರಮನೆ ಬೇಡ ಅನ್ನುವವರು ನಾವು. ರೋಮನ್ನರಿಗೆ ಆ ಚುಚ್ಚು ಇತ್ತಾ? ಇತ್ತು. ಉಳ್ಳವರಿಗೆ ಕ್ಲಿಯೆನ್ಸ್ ಅನ್ನಿಸಿಕೊಳ್ಳುವುದು ಸಾವಿಗೆ ಸಮ ಎಂದು ರೋಮಿನ ಹೆಸರಾಂತ ಮಾತುಗಾರ, ಬರಹಗಾರ ಸಿಸೆರೋ ಬರೆದಿದ್ದಾನೆ. ಒಂದೇ ತೊಡಕು: ಬಿಡುಗಡೆಯಾದ ಗುಲಾಮ ಹಳೆಯ ಯಜಮಾನನಿಗೆ ಕಾನೂನಿನಂತೆಯೇ ಕ್ಲಿಯೆನ್ಸ್ ಆಗುತ್ತಿದ್ದ, ಅವನ ಹೆಸರನ್ನೂ ಇಟ್ಟುಕೊಳ್ಳುತ್ತಿದ್ದ. ಸಿಸೆರೋನ ಬರವಣಿಗೆ ನೋಡಿಕೊಳ್ಳುತ್ತಿದ್ದ ಟೀರೋ ಹೀಗೆಯೇ ಮಾರ್ಕಸ್ ಟುಲ್ಲಿಯಸ್ ಟೀರೋ ಆದ. ಅಲ್ಲಿಯೂ ‘ಹಂಗು’ ಸಾಕಾ, ‘ಋಣ’ ಬೇಕಾ?

ಪಾತ್ರೋನುಸ್‌ಗೆ ಸದ್ಯಕ್ಕೆ ‘ಧಣಿ’ ಅಂತ ಇಟ್ಟುಕೊಂಡಿದ್ದೇನೆ. ಮೂಲದಲ್ಲಿ ‘ಪಾತೆರ್’, ಅಂದರೆ ಅಪ್ಪ, ಅಡಗಿದ್ದಾನೆ. ‘ಧಣಿ’ಯಲ್ಲಿ ಅಪ್ಪ ಇಲ್ಲ, ದುಡ್ಡೇ ಜಾಸ್ತಿ.

ಇನ್ನು ‘ಸಾಕೆರ್’. ಒಂದು ಕಡೆ ಪವಿತ್ರ, ಇನ್ನೊಂದು ಕಡೆ ಶಾಪ ತಟ್ಟಿದವನು. ಎರಡೂ ಒಂದೇ ಪದದಲ್ಲಿ. ಮನುಷ್ಯರ ಲೆಕ್ಕದಿಂದ ತೆಗೆದು ದೇವರ ಪಾಲು ಮಾಡಿದ್ದು ಅನ್ನಬಹುದೇನೋ. ನನಗೆ ತಟ್ಟನೆ ನೆನಪಾದದ್ದು ಮಾರಿಗೆ ಬಿಟ್ಟ ಕೋಣ. ಊರೆಲ್ಲ ಮೇಯುತ್ತದೆ, ಯಾರೂ ಮುಟ್ಟುವುದಿಲ್ಲ, ಆದರೆ ಅದರ ಗತಿ ಎಲ್ಲರಿಗೂ ಗೊತ್ತು. ರೋಮಿನಲ್ಲಿ ಇದು ಉಲ್ಟಾ. ಸಾಕೆರ್ ಆದವನನ್ನು ಬಲಿ ಕೊಡುವಂತಿಲ್ಲ, ಆದರೆ ಯಾರು ಕೊಂದರೂ ಅದು ಕೊಲೆಯಲ್ಲ. ಹಾಗಾಗಿ ಕೋಣವನ್ನು ಕೈಬಿಟ್ಟು ‘ದೇವರಿಗೆ ಬಿಟ್ಟವನು’ ಅಂತ ಬರೆದೆ. ಆದರೆ ಉತ್ತರ ಕರ್ನಾಟಕದ ಓದುಗರಿಗೆ ‘ದೇವರಿಗೆ ಬಿಟ್ಟವಳು’ ಅಂದ ಕೂಡಲೇ ದೇವದಾಸಿ ಪದ್ಧತಿ ನೆನಪಾಗುತ್ತದೆ, ಅಲ್ವಾ? ಆ ನೆರಳು ಇಲ್ಲಿ ಬೀಳಬಾರದು.

ಸದ್ಯದ ಸಾಲು ಇದು: ‘ಧಣಿಯಾದವನು ತನ್ನ ಹಂಗಿನವನಿಗೆ ಮೋಸ ಮಾಡಿದರೆ, ಆ ಧಣಿ ದೇವರ ಪಾಲಾಗಲಿ.’ ‘ದೇವರ ಪಾಲು’ ಅಂದರೆ ನಿಮ್ಮ ಕಡೆ ಸತ್ತುಹೋದ ಅಂತಲೇ ಅರ್ಥವಾಗುತ್ತಾ, ಅಥವಾ ಮೀಸಲು ಅಂತಲೂ ಕೇಳಿಸುತ್ತಾ? ಬೇರೆ ಪದ ಹೊಳೆದರೆ ತಿಳಿಸಿ.