ಟೇಕ್‌ಡೌನ್ ಬಿಲ್ಲಿಗೆ ತೂತು ಕೊರೆಯುವ ಜಿಗ್: ಮಾಡಿದವರು ದಯವಿಟ್ಟು ಹೇಳಿ

ಕೇಳಿದವರು, ಮೈಸೂರು:

ಬಿಚ್ಚಿ ಜೋಡಿಸುವ ಮೂರು ತುಂಡಿನ ಬಿಲ್ಲು ಮಾಡುತ್ತಿದ್ದೇನೆ. ನಡುವಿನ ರೈಸರ್, ಅಂದರೆ ಹಿಡಿಕೆ ಇರುವ ತುಂಡು, ಹಳೇ ಬೀಟೆಯದು. ಬಾಗುವ ಎರಡು ತೋಳುಗಳಿಗೂ, ಅಂದರೆ ಲಿಂಬ್‌ಗಳಿಗೂ, ಒಳಗೆ ಬಿದಿರು, ಮೇಲೆ ಕೆಳಗೆ ಫೈಬರ್‌ಗ್ಲಾಸ್. ಒಂದೊಂದು ಲಿಂಬ್‌ಗೆ ಒಂದು ಬೋಲ್ಟ್, ಒಂದು ಪಿನ್, ಎರಡರ ನಡುವೆ 40 ಮಿ.ಮೀ. ಪೆನ್ಸಿಲ್ ಗುರುತು ಹಾಕಿ ಕೈ ಡ್ರಿಲ್‌ನಲ್ಲೇ ಕೊರೆದೆ. ಜೋಡಿಸಿ ನೋಡಿದರೆ ಕೆಳಗಿನ ಲಿಂಬ್‌ನ ತುದಿ ನಡುಗೆರೆಯಿಂದ 11 ಮಿ.ಮೀ. ಎಡಕ್ಕೆ ಹೋಗಿದೆ. ಪಿನ್‌ನಿಂದ ತುದಿಗೆ ಸುಮಾರು 500 ಮಿ.ಮೀ. ಇದೆ. ಮುಂದಿನ ಬಿಲ್ಲಿಗೆ ಜಿಗ್, ಅಂದರೆ ಡ್ರಿಲ್ ಸರಿಯಾದ ಜಾಗದಲ್ಲೇ ಇಳಿಯುವಂತೆ ಮಾಡುವ ಅಚ್ಚು, ಮಾಡಿಕೊಳ್ಳೋಣ ಅಂತಿದ್ದೇನೆ. ಹೇಗೆ ಮಾಡಿದಿರಿ? ಈಗಿರುವ ಬಿಲ್ಲನ್ನು ಉಳಿಸಿಕೊಳ್ಳಬಹುದಾ?

ಟೂಲ್‌ರೂಮ್ ಫಿಟ್ಟರ್, ಬೆಂಗಳೂರು:

ಮೊದಲು ನಿಮ್ಮ ಲೆಕ್ಕವನ್ನೇ ನೋಡಿ. ತೂತುಗಳ ನಡುವೆ 40, ತುದಿಗೆ 500. ಅಂದರೆ ತೂತಿನಲ್ಲಿ ಆದ ತಪ್ಪು ತುದಿಯಲ್ಲಿ ಹನ್ನೆರಡೂವರೆ ಪಟ್ಟು ಆಗುತ್ತದೆ. 11 ಮಿ.ಮೀ. ವಾಲಲು ತೂತು 0.9 ಮಿ.ಮೀ. ಆಚೀಚೆ ಆದರೆ ಸಾಕು. ಕೈ ಡ್ರಿಲ್‌ನಲ್ಲಿ ಅಷ್ಟು ತಪ್ಪು ಯಾರಿಗಾದರೂ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಮುಂದಿನ ಬಾರಿ ಜಾಗ ಇದ್ದಷ್ಟೂ ತೂತುಗಳನ್ನು ದೂರ ಇಡಿ. 60 ಇಟ್ಟರೆ ಅದೇ ತಪ್ಪು ತುದಿಯಲ್ಲಿ ಏಳೂವರೆಗೆ ಇಳಿಯುತ್ತದೆ.

ಜಿಗ್‌ಗೆ ನಾನು 12 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಪಟ್ಟಿ ತೆಗೆದುಕೊಂಡೆ. ಅದರ ಉದ್ದಕ್ಕೂ ನಡುಗೆರೆ ಗೀಚಿ, ಎರಡು ತುದಿಯಲ್ಲೂ ಕೆಳಗಿನ ಗೆರೆ ಕಾಣುವ ಹಾಗೆ ಸಣ್ಣ ಕಿಟಕಿ ಕತ್ತರಿಸಿದೆ. ಲಿಂಬ್‌ನ ಅಂಚಿಗೆ ತಾಗಿಸಿ ಕೂರಿಸುವ ಜಿಗ್ ಮಾಡಬೇಡಿ, ಅಂಚು ಎಂದೂ ಪೂರ್ತಿ ನೇರ ಇರಲ್ಲ. ಲಿಂಬ್ ಇನ್ನೂ ಅಗಲವಾಗಿರುವಾಗಲೇ ನಡುಗೆರೆ ಎಳೆದು ತೂತು ಕೊರೆಯಿರಿ, ಆಮೇಲೆ ಆ ಗೆರೆಯನ್ನೇ ನಂಬಿ ಆಕಾರ ಕೊಡಿ.

ಇನ್ನು ತುಂಬಾ ಮುಖ್ಯವಾದ ಮಾತು. ಜಿಗ್ ಕರಾರುವಾಕ್ಕಾಗಿ ಇಲ್ಲದಿದ್ದರೂ ನಡೆಯುತ್ತದೆ, ಆದರೆ ರೈಸರ್‌ಗೂ ಲಿಂಬ್‌ಗೂ ಅದೇ ಜಿಗ್ ಅದೇ ಮುಖ ಮೇಲಾಗಿಯೇ ಕೂರಬೇಕು. ಜಿಗ್‌ನ ಬುಷ್ (ಡ್ರಿಲ್ ಇಳಿಯುವ ಲೋಹದ ಕೊಳವೆ) ನಡುಗೆರೆಯಿಂದ 0.3 ಮಿ.ಮೀ. ಎಡಕ್ಕಿದೆ ಅಂದುಕೊಳ್ಳಿ. ರೈಸರ್‌ನಲ್ಲೂ ಎಡಕ್ಕೆ 0.3, ಲಿಂಬ್‌ನಲ್ಲೂ ಎಡಕ್ಕೆ 0.3, ಪಿನ್ ಹಾಕಿದಾಗ ಎರಡು ಗೆರೆಗಳೂ ಒಂದರ ಮೇಲೊಂದು ಬರುತ್ತವೆ. ಅದೇ ಜಿಗ್ಗನ್ನು ತಿರುವಿ ಹಾಕಿದರೆ ಒಂದು ಎಡಕ್ಕೆ, ಒಂದು ಬಲಕ್ಕೆ, ತಪ್ಪು 0.6. ಅದಕ್ಕೆ ನನ್ನ ಜಿಗ್ ಮೇಲೆ "ಮೇಲೆ" ಅಂತಲೂ "ತುದಿ ಕಡೆ" ಅಂತ ಬಾಣದ ಗುರುತನ್ನೂ ಪಂಚ್ ಹೊಡೆದಿದ್ದೇನೆ. ಲಿಂಬ್ ಕೊರೆಯುವಾಗ ಪ್ಯಾಡ್‌ಗೆ (ರೈಸರ್ ಮೇಲೆ ಲಿಂಬ್ ಕೂರುವ ಸಮತಟ್ಟು ಜಾಗ) ತಾಗುವ ಮುಖ ಕೆಳಗಿರಲಿ.

ಮೊದಲ ತೂತು ಆದ ಕೂಡಲೇ ಜಿಗ್ ಮೂಲಕ ಅದರೊಳಗೆ ಒಂದು ಪಿನ್ ಇಳಿಸಿಬಿಡಿ, ಆಮೇಲೆ ಎರಡನೇದು ಕೊರೆಯಿರಿ. ಕ್ಲಾಂಪ್ ಎಷ್ಟೇ ಬಿಗಿ ಇದ್ದರೂ ಡ್ರಿಲ್ ಕಚ್ಚಿದಾಗ ಕೂದಲೆಳೆಯಷ್ಟು ಜಾರುತ್ತದೆ, ಪಿನ್ ಇದ್ದರೆ ಜಾರಲ್ಲ.

ಅಳತೆ ಬೆರೆಸಬೇಡಿ. ಅಮೆರಿಕದವರ ನಕ್ಷೆಗಳಲ್ಲಿ 5/16 ಇಂಚು ಅಂತ ಇರುತ್ತದೆ, ಅದು 7.94 ಮಿ.ಮೀ. 8 ಮಿ.ಮೀ. ತೂತಿಗೆ ಆ ಪಿನ್ ಹಾಕಿದರೆ ಸಡಿಲ. ನಾನು ಎಲ್ಲವನ್ನೂ 8ಕ್ಕೆ ತಂದೆ: ಎಂ8 ಬೋಲ್ಟ್, 8ರ ಡೋವೆಲ್ ಪಿನ್, ಪಿನ್ ತೂತಿಗೆ 7.8 ಕೊರೆದು ಕೊನೆಗೆ 8ರ ರೀಮರ್ (ತೂತನ್ನು ಸರಿಯಾದ ಅಳತೆಗೆ ತರುವ ಉಪಕರಣ). ರೈಸರ್‌ನಲ್ಲಿ ಬೋಲ್ಟ್ ಕೂರುವ ಹಿತ್ತಾಳೆ ಇನ್ಸರ್ಟ್‌ಗೆ (ಒಳಗೆ ತಿರುಪು ಇರುವ ಕೊಳವೆ) ದೊಡ್ಡ ತೂತು ಬೇಕಲ್ವಾ, ಅದಕ್ಕೆ ಜಿಗ್‌ನಲ್ಲಿ ಇನ್ಸರ್ಟ್ ಅಳತೆಯ ತೂತು ಮಾಡಿ, ಲಿಂಬ್ ಕೊರೆಯುವಾಗ ಅದರೊಳಗೆ 8ರ ಬುಷ್ ಇಳಿಸುತ್ತೇನೆ. ತೆಗೆದು ಹಾಕುವ ಈ ಬುಷ್‌ಗೆ ನಮ್ಮಲ್ಲಿ ಸ್ಲಿಪ್ ಬುಷ್ ಅನ್ನುತ್ತಾರೆ, ಲೇತ್ ಅಂಗಡಿಯಲ್ಲಿ ಹೇಳಿದರೆ ಗೊತ್ತಾಗುತ್ತದೆ.

ಮರಗೆಲಸದವರು, ಶಿರಸಿ:

ಮೇಲಿನವರು ಹೇಳಿದ್ದು ಸರಿ. ನನ್ನ ಮೊದಲ ಜಿಗ್ ಹೊನ್ನೆ ಮರದ್ದು, ಬುಷ್ ಇರಲಿಲ್ಲ. ಮೊದಲ ಬಿಲ್ಲು ನೇರ ಬಂತು, ಮೂರನೇದಕ್ಕೆ ಬರುವಷ್ಟರಲ್ಲಿ ಜಿಗ್‌ನ ತೂತು ಮೊಟ್ಟೆ ಆಕಾರ ಆಗಿತ್ತು. ಮರದ್ದೇ ಮಾಡಿದರೂ ಸ್ಟೀಲ್ ಬುಷ್ ಹಾಕಲೇಬೇಕು.

ಆದರೆ ಜಿಗ್‌ಗೆ ಮೊದಲು ಪ್ಯಾಡ್ ನೋಡಿ. ರೈಸರ್‌ನ ಎರಡು ಪ್ಯಾಡ್ ಮೇಲೂ ಒಂದೊಂದು ನೇರ ಪಟ್ಟಿ ಅಡ್ಡ ಇಡಿ, ಒಂದು ಕಣ್ಣು ಮುಚ್ಚಿ ಹಿಂದಿನಿಂದ ನೋಡಿ. ಎರಡು ಪಟ್ಟಿಗಳ ಅಂಚು ಒಂದೇ ಗೆರೆಯಾಗಿ ಕಾಣಬೇಕು. ಒಂದು ವಾಲಿದ್ದರೆ ಲಿಂಬ್ ತಿರುಚಿ ನಿಲ್ಲುತ್ತದೆ, ಅದನ್ನು ಯಾವ ಜಿಗ್ಗೂ ಸರಿ ಮಾಡಲ್ಲ. ಪ್ಯಾಡ್ ಓರೆ ಇರುವುದರಿಂದ ಡ್ರಿಲ್ ಪ್ರೆಸ್ ಮೇಜಿನ ಮೇಲೆ ಅದೇ ಓರೆಯ ಮರದ ತೊಟ್ಟಿಲು ಬೇಕು, ಪ್ಯಾಡ್ ಮಟ್ಟಸವಾಗಿ ನಿಂತರೆ ಮಾತ್ರ ತೂತು ನೆಟ್ಟಗೆ ಇಳಿಯುತ್ತದೆ. ಲಿಂಬ್ ಅಡಿಗೆ ರದ್ದಿ ಹಲಗೆ ಒತ್ತಿ ಹಿಡಿಸಿ, ಇಲ್ಲದಿದ್ದರೆ ಡ್ರಿಲ್ ಹೊರಬರುವಾಗ ಫೈಬರ್‌ಗ್ಲಾಸ್ ಚಕ್ಕೆ ಏಳುತ್ತದೆ. ನಿಧಾನ ಕೊರೆಯಿರಿ, ಬಿಸಿಯಾದರೆ ಅಂಟು ಬಿಡುತ್ತದೆ. ಆ ಧೂಳು ಶ್ವಾಸಕ್ಕೆ ಕೆಟ್ಟದ್ದು, ಸುಮ್ನೆ ಬಟ್ಟೆ ಕಟ್ಟಿಕೊಂಡರೆ ಸಾಲದು, ಒಳ್ಳೆ ಮಾಸ್ಕ್ ಹಾಕಿ.

ಬಿಲ್ಲುಗಾರ, ಧಾರವಾಡ:

ಈಗಿರುವ ಬಿಲ್ಲು ಉಳಿಯುತ್ತದೆ, ನಾನು ಉಳಿಸಿದ್ದೇನೆ. ರೈಸರ್ ಮುಟ್ಟಬೇಡಿ. ಲಿಂಬ್‌ನ ಬುಡ ದಪ್ಪ ಇದ್ದರೆ ಪಿನ್ ತೂತನ್ನು 12ಕ್ಕೆ ದೊಡ್ಡದು ಮಾಡಿ. ಒಳಗೆ 8, ಹೊರಗೆ 10 ಇರುವ ಹಿತ್ತಾಳೆ ಬುಷ್ ಪಿನ್‌ಗೆ ತೊಡಿಸಿ, ಅಂಟು ಹಿಡಿಯದ ಹಾಗೆ ಪಿನ್‌ಗೂ ಪ್ಯಾಡ್‌ಗೂ ಚೆನ್ನಾಗಿ ಮೇಣ ಸವರಿ. ಬೋಲ್ಟ್ ಅರ್ಧ ಬಿಗಿ ಮಾಡಿ ಒಂದು ತುದಿಯಿಂದ ಇನ್ನೊಂದು ತುದಿಗೆ ದಾರ ಎಳೆಯಿರಿ. ದಾರ ರೈಸರ್‌ನ ನಡುಗೆರೆ ಮೇಲೆ ಬರುವವರೆಗೆ ಲಿಂಬ್ ಸರಿಸಿ, ಬೋಲ್ಟ್ ಬಿಗಿ ಮಾಡಿ, ಬುಷ್ ಸುತ್ತ ಎಪಾಕ್ಸಿ ಅಂಟು ತುಂಬಿ. ಪೂರ್ತಿ ಗಟ್ಟಿಯಾಗುವ ತನಕ ಹೆದೆ ಏರಿಸಬೇಡಿ. ಬೋಲ್ಟ್ ತೂತು ಸಡಿಲ ಇದ್ದರೆ ಅದಕ್ಕೂ ಹೀಗೇ ಬುಷ್ ಕೂರಿಸಿ, ಒಂದೇ ಪಿನ್ ಇದ್ದಾಗ ಲಿಂಬ್ ಅದರ ಸುತ್ತ ತಿರುಗಲು ಅಷ್ಟು ಸಡಿಲವೇ ಸಾಕು.

ಕೇಳಿದವರು, ಮೈಸೂರು:

ಎರಡು ಸ್ಟೀಲ್ ಸ್ಕೇಲ್ ಇಟ್ಟು ಈಗ ತಾನೇ ನೋಡಿದೆ. ಕೆಳಗಿನ ಪ್ಯಾಡ್ ಎಡಕ್ಕೆ ವಾಲಿದೆ, ಕಣ್ಣಿಗೇ ಕಾಣುತ್ತದೆ. ಇಷ್ಟು ದಿನ ತೂತನ್ನೇ ಬೈಯುತ್ತಿದ್ದೆ. ಮೊದಲು ಪಿನ್ ಬಿಚ್ಚಿ, ಗಾಜಿಗೆ ಸ್ಯಾಂಡ್‌ಪೇಪರ್ ಅಂಟಿಸಿ ಪ್ಯಾಡ್ ಉಜ್ಜಿ ಮಟ್ಟ ಮಾಡುತ್ತೇನೆ, ಆಮೇಲೆ ಮತ್ತೆ ದಾರ ಎಳೆದು ಎಷ್ಟು ಉಳಿದಿದೆ ನೋಡಿ ಬುಷ್ ಕೂರಿಸುತ್ತೇನೆ. ಅಲ್ಯೂಮಿನಿಯಂ ಪಟ್ಟಿಗೆ ನಾಳೆ ಹೇಳಿ ಬರುತ್ತೇನೆ, 60ರ ಅಂತರಕ್ಕೆ.